ಹಾಸ್ಟೆಲ್ ಗೇಟು ಮತ್ತು ಮಂಡಿಯ ಲಿಗಮೆಂಟ್: ಬಿ.ಪಿ.ಇಡಿ. ವಿದ್ಯಾರ್ಥಿನಿಯೊಬ್ಬಳ ಪ್ರಕರಣ ಅಧ್ಯಯನ

ಮೂರನೇ ಸೆಮಿಸ್ಟರ್‌ನ ಬಿ.ಪಿ.ಇಡಿ. (ದೈಹಿಕ ಶಿಕ್ಷಣ ಪದವಿ) ವಿದ್ಯಾರ್ಥಿನಿ. ವಯಸ್ಸು 22, ತೂಕ 52 ಕೆ.ಜಿ., ಕಬಡ್ಡಿಯಲ್ಲಿ ರೈಡರ್. ಊರು ಉತ್ತರ ಕರ್ನಾಟಕದ ಒಂದು ಹಳ್ಳಿ, ವಾಸ ವಿಶ್ವವಿದ್ಯಾಲಯದ ಮಹಿಳಾ ಹಾಸ್ಟೆಲ್. ಸೆಪ್ಟೆಂಬರ್‌ನ ಒಂದು ಸಂಜೆ, ಅಂತರ ಕಾಲೇಜು ಪಂದ್ಯಾವಳಿಗೆ ತಯಾರಿ ನಡೆದಿದ್ದಾಗ, ರೈಡ್ ಮುಗಿಸಿ ಮಧ್ಯಗೆರೆಯ ಕಡೆ ತಿರುಗಿದಳು. ಬಲಗಾಲಿನ ಶೂ ಮ್ಯಾಟಿಗೆ ಕಚ್ಚಿಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ 'ಟಪ್' ಎಂದದ್ದು ಅವಳಿಗೆ ಕೇಳಿಸಿತು. ಎದುರಾಳಿ ತಂಡದ ಯಾರೂ ಅವಳನ್ನು ಮುಟ್ಟಿರಲಿಲ್ಲ. ವಿಭಾಗದ ಪುಸ್ತಕದಲ್ಲಿ ಇದು "ಅಭ್ಯಾಸದ ವೇಳೆ ಆಕಸ್ಮಿಕ ಗಾಯ" ಎಂದು ಒಂದು ಸಾಲಿನಲ್ಲಿ ಮುಗಿದಿದೆ.

ಇದು ಯಾವುದೋ ಒಬ್ಬ ಹುಡುಗಿಯ ಕಡತವಲ್ಲ. ಕರ್ನಾಟಕದ ದೈಹಿಕ ಶಿಕ್ಷಣ ವಿಭಾಗಗಳಲ್ಲಿ ಓದುವ ಹೆಣ್ಣುಮಕ್ಕಳಿಗೆ ಮೇಲಿಂದ ಮೇಲೆ ಎದುರಾಗುವ ಸಂಗತಿಗಳನ್ನು ಒಬ್ಬಳ ಮೇಲೆ ಜೋಡಿಸಿ, ಪಾಠಕ್ಕೆಂದು ಕಟ್ಟಿದ ಪ್ರಕರಣ. ವಿದ್ಯಾರ್ಥಿನಿ ಕಲ್ಪಿತಳು, ನಿಯಮಗಳು, ಅಳತೆಗಳು, ವೈದ್ಯಕೀಯ ಮಿತಿಗಳು ಇದ್ದದ್ದು ಇದ್ದ ಹಾಗೆ. ಇಲ್ಲಿ ತೋರಿಸಬೇಕಿರುವುದು ಇಷ್ಟೇ: ಈ ಗಾಯವನ್ನು ಆ ಒಂದು ಸಂಜೆಯ ಲೆಕ್ಕಕ್ಕೆ ಬರೆಯಲಾಗದು. ವೇಳಾಪಟ್ಟಿ, ಮೆಸ್ಸು, ಹಾಸ್ಟೆಲ್ ಗೇಟು ಮೂರೂ ಸೇರಿ ವರ್ಷದಿಂದ ಅದಕ್ಕೆ ತಯಾರಿ ನಡೆಸಿದ್ದವು. ಬಿಡಿಸಬೇಕಿದ್ದರೂ ಅಲ್ಲಿಂದಲೇ ಬಿಡಿಸಬೇಕು.

ಕೋರ್ಸು ಕೇಳುವುದೇನು

ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) 2014ರಲ್ಲಿ ಹೊರಡಿಸಿದ ನಿಯಮಾವಳಿಯಿಂದ ಬಿ.ಪಿ.ಇಡಿ. ಒಂದು ವರ್ಷದ ಕೋರ್ಸು ಹೋಗಿ ಎರಡು ವರ್ಷದ, ನಾಲ್ಕು ಸೆಮಿಸ್ಟರ್‌ಗಳ ಕೋರ್ಸಾಯಿತು. ಪ್ರವೇಶ ಪಡೆದ ದಿನದಿಂದ ಗರಿಷ್ಠ 3 ವರ್ಷದೊಳಗೆ ಮುಗಿಸಬೇಕು. ಪ್ರವೇಶ ಮತ್ತು ಪರೀಕ್ಷೆಯ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ. ಅಂಗರಚನಾಶಾಸ್ತ್ರ, ಕ್ರೀಡಾ ತರಬೇತಿ, ಪರೀಕ್ಷೆ ಮತ್ತು ಮಾಪನದಂಥ ಥಿಯರಿ ವಿಷಯಗಳು ಒಂದು ಕಡೆ. ಟ್ರ್ಯಾಕ್ ಅಂಡ್ ಫೀಲ್ಡ್, ದೇಸಿ ಆಟ, ಜಿಮ್ನಾಸ್ಟಿಕ್ಸ್ ಅಥವಾ ಈಜು, ಪಾಠ ಬೋಧನೆ, ಶಾಲಾ ಇಂಟರ್ನ್‌ಶಿಪ್ ಇನ್ನೊಂದು ಕಡೆ. ಬಿ.ಎ. ಓದುವವಳು ಒಂದು ತಿಂಗಳು ಕಾಲಿಗೆ ಪಟ್ಟಿ ಕಟ್ಟಿಕೊಂಡರೂ ಪಾಸಾಗುತ್ತಾಳೆ. ಇಲ್ಲಿ ಮೈಯೇ ಪಠ್ಯಪುಸ್ತಕ, ಮೈಯೇ ಉತ್ತರಪತ್ರಿಕೆ.

ನಮ್ಮ ವಿದ್ಯಾರ್ಥಿನಿಯ ದಿನ ಹೀಗಿತ್ತು. 5.15ಕ್ಕೆ ಏಳುವುದು, 6ರಿಂದ 8 ಮೈದಾನ, 9.30ರಿಂದ 1.30 ಥಿಯರಿ, 2.30ರಿಂದ 4.30 ಪ್ರಾಕ್ಟಿಕಲ್ ಅಥವಾ ಪಾಠ ಯೋಜನೆ, 4.45ರಿಂದ ಆಯ್ಕೆಯ ಆಟ. ಮಹಿಳಾ ಹಾಸ್ಟೆಲ್ ಗೇಟು 6.30ಕ್ಕೆ ಬಂದ್. ಹುಡುಗರಿಗೂ ಇದೇ ವೇಳಾಪಟ್ಟಿ, ಕೊನೆಯ ಸಾಲು ಮಾತ್ರ ಇಲ್ಲ. 6.30ರ ನಂತರ ಲೈಟು ಹಾಕಿಕೊಂಡು ಅವರು ಇನ್ನೊಂದು ಗಂಟೆ ಆಡುತ್ತಾರೆ.

ಹಳ್ಳಿಯಿಂದ ದಿನಾ ಬಂದು ಹೋಗುವ ಸಹಪಾಠಿಗಳ ಕಷ್ಟ ಬೇರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚೇನೋ ಉಳಿಯಿತು, ಮನೆಯಲ್ಲಿ ಹಣ ಕೇಳುವ ಮುಜುಗರವೂ ತಪ್ಪಿತು. ಆದರೆ ಊರಿನ ಮೊದಲ ಬಸ್ಸು ಹೊರಡುವ ಹೊತ್ತಿಗೆ ಮೈದಾನದಲ್ಲಿ ಹಾಜರಿ ಕೂಗಿ ಮುಗಿದಿರುತ್ತದೆ. ಬಸ್ಸಿಗೆ ತಕ್ಕ ಹಾಗೆ ವಾರಕ್ಕೆ ಎರಡು ದಿನವಾದರೂ ಬೆಳಗಿನ ಅವಧಿಯನ್ನು ಹಿಂದೆ ಮುಂದೆ ಮಾಡದ ವಿಭಾಗದಲ್ಲಿ, ಹಾಜರಾತಿ ಕೊರತೆಯ ಪಟ್ಟಿಯ ಮೊದಲ ಹೆಸರುಗಳು ಈ ಹುಡುಗಿಯರದೇ.

ಮೆಸ್ಸಿನ ಲೆಕ್ಕ

ಬೆಳಗಿನ ಅಭ್ಯಾಸ 8ಕ್ಕೆ ಮುಗಿದರೆ ಹಾಸ್ಟೆಲ್ ತಲುಪಿ ಸ್ನಾನದ ಸರದಿ ಬರುವಷ್ಟರಲ್ಲಿ 8.45. ಮೆಸ್ಸಿನಲ್ಲಿ ತಿಂಡಿ 9ಕ್ಕೆ ಮುಗಿಯುತ್ತದೆ. ಹೀಗಾಗಿ ವಾರದ 6 ದಿನಗಳಲ್ಲಿ 3 ದಿನ ತಿಂಡಿ ಇಲ್ಲ. ಒಂದು ಕಪ್ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಎರಡು ರೊಟ್ಟಿ, ಪಲ್ಯ, ಅನ್ನ, ಸಾರು. ಸಂಜೆ ಮತ್ತೆ ಚಹಾ. ರಾತ್ರಿ ಮಧ್ಯಾಹ್ನದ್ದೇ. ವಾರದ ಸರಾಸರಿ ತೆಗೆದರೆ ದಿನಕ್ಕೆ ಸುಮಾರು 1,900 ಕಿಲೋ ಕ್ಯಾಲೊರಿ. ಕೂತು ಓದುವ ಹುಡುಗಿಗೆ ಇಷ್ಟು ಸಾಲುತ್ತದೆ, ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ.

ಕ್ರೀಡಾ ವೈದ್ಯರು ಇಲ್ಲಿ ನೋಡುವುದು ಲಭ್ಯ ಶಕ್ತಿಯನ್ನು. ತಿಂದದ್ದರಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು, ಕೊಬ್ಬಿಲ್ಲದ ದೇಹತೂಕದಿಂದ ಭಾಗಿಸಬೇಕು. ಇವಳ ಕೊಬ್ಬಿನ ಪ್ರಮಾಣ 22%, ಅಂದರೆ ಕೊಬ್ಬಿಲ್ಲದ ತೂಕ ಸುಮಾರು 40.5 ಕೆ.ಜಿ. ಮೈದಾನದಲ್ಲಿ ದಿನಕ್ಕೆ ಕಳೆಯುವುದು 800 ಕಿಲೋ ಕ್ಯಾಲೊರಿ ಎಂದಿಟ್ಟುಕೊಳ್ಳಿ. 1,900ರಿಂದ 800 ಕಳೆದರೆ 1,100, ಅದನ್ನು 40.5ರಿಂದ ಭಾಗಿಸಿದರೆ ಕೆ.ಜಿ.ಗೆ ಸುಮಾರು 27 ಕಿಲೋ ಕ್ಯಾಲೊರಿ. ಸುಮಾರು 45 ಇದ್ದರೆ ದೇಹದ ಕೆಲಸಗಳೆಲ್ಲ ಸರಾಗ. 30ಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ದೇಹ ಖರ್ಚು ಕಡಿತ ಶುರುಮಾಡುತ್ತದೆ. 30 ಎಂಬುದು ಎಲ್ಲರಿಗೂ ಒಂದೇ ಆದ ಕಟ್ಟುನಿಟ್ಟಿನ ಗೆರೆಯಲ್ಲ, ಆದರೆ ಎಚ್ಚರದ ಗಂಟೆ ಹೌದು. ಕಡಿತದ ಪಟ್ಟಿಯಲ್ಲಿ ಮೊದಲಿಗೆ ಬರುವುದು ಮುಟ್ಟು, ಆಮೇಲೆ ಮೂಳೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ 'ರೆಡ್-ಎಸ್' (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿ ಕೊರತೆ) ಎಂದು ಹೆಸರಿಟ್ಟು, 2018 ಮತ್ತು 2023ರಲ್ಲಿ ತನ್ನ ಒಮ್ಮತದ ಹೇಳಿಕೆಯನ್ನು ಪರಿಷ್ಕರಿಸಿದೆ. ಗಂಡಸರಿಗೂ ಆಗುತ್ತದೆ. ಹೆಣ್ಣುಮಕ್ಕಳಲ್ಲಿ ಬೇಗ ಕಾಣಿಸುತ್ತದೆ, ನೋಡುವವರಿದ್ದರೆ.

ಈ ವಿದ್ಯಾರ್ಥಿನಿಗೆ 4 ತಿಂಗಳಿಂದ ಮುಟ್ಟು ನಿಂತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. "ಒಳ್ಳೇದೇ ಆಯ್ತು, ಪಂದ್ಯದ ದಿನ ತಾಪತ್ರಯ ಇಲ್ಲ" ಎಂದುಕೊಂಡು ಸುಮ್ಮನಿರುವವರೇ ಹೆಚ್ಚು. ನಿಯಮಿತವಾಗಿ ಬರುತ್ತಿದ್ದ ಮುಟ್ಟು 3 ತಿಂಗಳು ಬಾರದಿದ್ದರೆ ವೈದ್ಯರನ್ನು ಕಾಣಬೇಕು. ಅವರು ಗರ್ಭಧಾರಣೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಿ ಬೇರೆ ಕಾರಣಗಳನ್ನು ತಳ್ಳಿಹಾಕಿದ ಮೇಲೆಯೇ ಊಟದ ಕಡೆ ಬೆರಳು ತೋರಿಸಬಹುದು. ಇಲ್ಲಿ ಇನ್ನೊಂದು ಸುಳಿವೂ ಇತ್ತು: ಎರಡನೇ ಸೆಮಿಸ್ಟರ್‌ನಲ್ಲಿ ಎಡಗಾಲಲ್ಲಿ ಮಂಡಿಯ ಕೆಳಗೆ ಮುಂಭಾಗದ ಮೂಳೆಯಲ್ಲಿ ನೋವು, ಓಡಿದಾಗ ಹೆಚ್ಚು, ರಾತ್ರಿಯೂ ಇರುತ್ತಿತ್ತು. 'ಶಿನ್ ಪೇನ್, ಎಲ್ಲರಿಗೂ ಬರುತ್ತೆ' ಎಂದು ಸ್ಪ್ರೇ ಹೊಡೆದು ಕಳಿಸಲಾಗಿತ್ತು. ಒತ್ತಿದರೆ ಬೆರಳಗಲದ ಒಂದೇ ಜಾಗದಲ್ಲಿ ನೋವು, ವಿಶ್ರಾಂತಿಯಲ್ಲೂ ನೋವು ಎಂದರೆ ಅದನ್ನು ಮೂಳೆಯ ಒತ್ತಡದ ಗಾಯವೆಂದೇ ಶಂಕಿಸಬೇಕು. ಉದ್ದಕ್ಕೂ ಹರಡಿದ, ಮೈ ಬಿಸಿಯಾದಂತೆ ಕಡಿಮೆಯಾಗುವ ನೋವು ಬೇರೆ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2. ಗರ್ಭಿಣಿಯಲ್ಲದ ಹೆಣ್ಣಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ಇದಿದೆ. ಕರ್ನಾಟಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು. ಹಾಗಿರುವಾಗ 'ಸ್ಟ್ಯಾಮಿನಾ ಇಲ್ಲ' ಎಂದು 800 ಮೀಟರ್ ಓಟಕ್ಕೆ ಕಡಿಮೆ ಅಂಕ ಕೊಡುವ ಮುನ್ನ ಒಮ್ಮೆ ರಕ್ತ ನೋಡಿಸುವುದು ಯಾವ ಮೇಷ್ಟ್ರಿಗೂ ಕಷ್ಟದ ಕೆಲಸವಲ್ಲ. ಮುಟ್ಟು ನಿಂತಿದೆಯಲ್ಲ, ರಕ್ತ ಉಳಿಯಬೇಕಲ್ಲವೇ ಎಂದು ಕೇಳುವವರಿದ್ದಾರೆ. ಊಟದಲ್ಲೇ ಕಬ್ಬಿಣಾಂಶವಿಲ್ಲದಿದ್ದರೆ ಉಳಿಯುವುದೇನು? ಚಿಕಿತ್ಸೆಯ ಡೋಸು ವೈದ್ಯರೇ ಹೇಳಬೇಕು. ತಪ್ಪುವುದು ಸಾಮಾನ್ಯವಾಗಿ ತೆಗೆದುಕೊಳ್ಳುವ ರೀತಿಯಲ್ಲಿ: ಮಾತ್ರೆಯನ್ನು ಚಹಾದ ಜೊತೆ ಅಥವಾ ಹಾಲಿನ ಜೊತೆ ನುಂಗುತ್ತಾರೆ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡು, ಚಹಾವನ್ನು ಒಂದೆರಡು ಗಂಟೆ ದೂರವಿಡಬೇಕು. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹೆದರಿ ಮೂರೇ ದಿನಕ್ಕೆ ನಿಲ್ಲಿಸುತ್ತಾರೆ.

45ರ ಲೆಕ್ಕಕ್ಕೆ ಇವಳಿಗೆ ದಿನಕ್ಕೆ ಸುಮಾರು 2,620 ಕಿಲೋ ಕ್ಯಾಲೊರಿ ಬೇಕು. ಕೊರತೆ 720. ತುಂಬಿಸಲು ಪೌಡರ್ ಡಬ್ಬಿ ಬೇಕಿಲ್ಲ. 40 ಗ್ರಾಂ ಶೇಂಗಾ, 20 ಗ್ರಾಂ ಬೆಲ್ಲದ ಉಂಡೆಗಳಿಂದ ಸುಮಾರು 300, ಎರಡು ಬಾಳೆಹಣ್ಣಿನಿಂದ 200, 400 ಮಿ.ಲೀ. ಹಾಲಿನಿಂದ 240. ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡೆ ಡಬ್ಬಿಯಲ್ಲಿದ್ದರೂ ರೂಮಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ಎರಡು ಉಂಡೆ, ಒಂದು ಬಾಳೆಹಣ್ಣು ಮೈದಾನದ ಚೀಲದಲ್ಲಿರಬೇಕು, 8 ಗಂಟೆಗೆ ಶೂ ಬಿಚ್ಚುವಾಗಲೇ ತಿಂದಾಗಬೇಕು. ಮೆಸ್ಸಿನವರ ಕಡೆಯಿಂದ ಬೇಕಿರುವುದು ಒಂದೇ: ದೈಹಿಕ ಶಿಕ್ಷಣ ವಿಭಾಗದವರ ತಿಂಡಿಯನ್ನು 9.20ರವರೆಗೆ ಮುಚ್ಚಿಟ್ಟಿರುವುದು.

ಕೊಬ್ಬಿನ ಪ್ರಮಾಣ ಅಳೆಯುವ ಬಗ್ಗೆ ಒಂದು ಮಾತು. ಮಾಪನ ಪ್ರಯೋಗಾಲಯದ ಸ್ಕಿನ್‌ಫೋಲ್ಡ್ ಕ್ಯಾಲಿಪರ್‌ನಿಂದ ಹೆಂಗಸರಲ್ಲಿ ಮೂರು ಕಡೆ ಚರ್ಮ ಹಿಡಿದು ಅಳೆಯುತ್ತಾರೆ: ತೋಳಿನ ಹಿಂಭಾಗ, ಸೊಂಟದ ಮೂಳೆಯ ಮೇಲೆ, ತೊಡೆಯ ಮುಂಭಾಗ. ವಿಭಾಗದಲ್ಲಿ ಮಹಿಳಾ ಬೋಧಕಿ ಇಲ್ಲದಿದ್ದರೆ ಈ ಅಳತೆ ಹುಡುಗರ ಮೇಲಷ್ಟೇ ನಡೆಯುತ್ತದೆ. ಹುಡುಗಿಯರು ತಮ್ಮ ರೆಕಾರ್ಡ್ ಪುಸ್ತಕದಲ್ಲಿ ಯಾರದೋ ಅಂಕಿ ನಕಲು ಮಾಡುತ್ತಾರೆ. ಹಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ಕ್ಯಾಲಿಪರ್ ಹಿಡಿಯುವುದು ಕಲಿಸಿದರೆ ಇದು ಬಗೆಹರಿಯುತ್ತದೆ. ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯಬಾರದು, ಅಷ್ಟೇ.

6.30ರ ಗೇಟು

ಶಕ್ತಿಯ ಕೊರತೆಯೇ ಮಂಡಿಯ ಲಿಗಮೆಂಟನ್ನು (ಮೂಳೆಗಳನ್ನು ಹಿಡಿದಿಡುವ ಪಟ್ಟಿಯನ್ನು) ಹರಿಯಿತು ಎಂದು ಹೇಳಿದರೆ ಅದು ಅತಿಯಾಯಿತು. ದಣಿದ ಕಾಲು ಅದರ ಪಾಲು. ಉಳಿದದ್ದು ಆ ಸಂಜೆಯ 70 ನಿಮಿಷಗಳಲ್ಲಿದೆ.

ಪ್ರಾಕ್ಟಿಕಲ್ ಮುಗಿದು ಸಾಮಾನು ಸ್ಟೋರಿಗೆ ಸೇರಿಸಿ, ಮ್ಯಾಟು ಹಾಸಿ ನಿಲ್ಲುವಷ್ಟರಲ್ಲಿ 5 ಗಂಟೆ. ಗೇಟು ಮುಚ್ಚುವ ಮುನ್ನ ಹಾಸ್ಟೆಲ್ ಸೇರಬೇಕಾದರೆ 6.10ಕ್ಕೆ ಹೊರಡಬೇಕು. ಕೈಗೆ ಸಿಕ್ಕಿದ್ದು 70 ನಿಮಿಷ. ಪಂದ್ಯ ಹತ್ತಿರದಲ್ಲಿದೆ, ಕೋಚ್ ಎರಡು ಸುತ್ತು ಓಡಿಸಿ ನೇರ ಆಟಕ್ಕೆ ಇಳಿಸಿದರು. ಬಿಟ್ಟುಹೋದದ್ದು ಮಂಡಿ ಕಾಯುವ ವಾರ್ಮ್ ಅಪ್. ಹುಡುಗರ ತಂಡಕ್ಕೆ ಅದನ್ನು ಬಿಡುವ ಅಗತ್ಯ ಬರಲಿಲ್ಲ.

ಒಂದೇ ಆಟ ಆಡುವ ಗಂಡು-ಹೆಣ್ಣಿನಲ್ಲಿ ಮಂಡಿಯ ಎ.ಸಿ.ಎಲ್. (ಕೀಲಿನೊಳಗಿನ ಮುಂಭಾಗದ ಅಡ್ಡ ಲಿಗಮೆಂಟ್, ಇವಳಿಗೆ ಹರಿದದ್ದೂ ಇದೇ) ಹರಿಯುವ ಸಂಭವ ಹೆಣ್ಣಿಗೆ ಎರಡರಿಂದ ಹಲವು ಪಟ್ಟು ಹೆಚ್ಚು. ಹಾರಿ ಇಳಿಯುವಾಗ, ಥಟ್ಟನೆ ತಿರುಗುವಾಗ ಮಂಡಿ ಒಳಗಡೆಗೆ ವಾಲುವುದು, ತೊಡೆಯ ಮುಂಭಾಗದ ಸ್ನಾಯುವಿಗೆ ಹೋಲಿಸಿದರೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ದುರ್ಬಲವಿರುವುದು ಮುಖ್ಯ ಕಾರಣಗಳು. ಹುಡುಗರು ಹೈಸ್ಕೂಲಿನಲ್ಲೇ ಬಸ್ಕಿ, ದಂಡ ಹೊಡೆಯುತ್ತಾರೆ. ಬಹಳಷ್ಟು ಹುಡುಗಿಯರು ಬಾರ್ಬೆಲ್ ಮುಟ್ಟುವುದೇ ಬಿ.ಪಿ.ಇಡಿ.ಗೆ ಬಂದ ಮೇಲೆ. ಋತುಚಕ್ರದ ಹಾರ್ಮೋನುಗಳ ಪಾತ್ರದ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಅದನ್ನೇ ಹಿಡಿದು 'ಆ ದಿನಗಳಲ್ಲಿ ಆಡಬೇಡ' ಎನ್ನಲು ಆಧಾರವಿಲ್ಲ.

ಈ ಬಗೆಯ ಗಾಯಕ್ಕೆ ಪರೀಕ್ಷಿಸಿ ನೋಡಿದ ಮದ್ದು ಫಿಫಾ 11+ ಎಂಬ ವಾರ್ಮ್ ಅಪ್. ಫುಟ್‌ಬಾಲಿಗೆಂದು ಮಾಡಿದ್ದಾದರೂ ಕಬಡ್ಡಿ, ಖೋ-ಖೋ, ಹ್ಯಾಂಡ್‌ಬಾಲ್ ಆಡುವವರಿಗೂ ಹೊಂದುತ್ತದೆ. 15 ವ್ಯಾಯಾಮ, 20 ನಿಮಿಷ: 8 ನಿಮಿಷ ನಿಧಾನ ಓಟದ ಬಗೆಗಳು, 10 ನಿಮಿಷ ಬಲ-ನೆಗೆತ-ಸಮತೋಲ, 2 ನಿಮಿಷ ವೇಗದ ಓಟ. ವಾರಕ್ಕೆ ಕನಿಷ್ಠ ಎರಡು ಬಾರಿ. ಹದಿಹರೆಯದ ಫುಟ್‌ಬಾಲ್ ಆಟಗಾರ್ತಿಯರಲ್ಲಿ ಇದು ಗಾಯಗಳನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿದೆ. ಅಷ್ಟೂ ಸಮಯವಿಲ್ಲದ ಸಂಜೆ ನಡುವಿನ 10 ನಿಮಿಷವನ್ನು ಉಳಿಸಿಕೊಳ್ಳಿ, ಓಟವನ್ನು ಬಿಡಿ: ಮುಂಗೈ ಊರಿ ಪ್ಲ್ಯಾಂಕ್ 20–30 ಸೆಕೆಂಡಿನಂತೆ 3 ಬಾರಿ, ಪಕ್ಕದ ಪ್ಲ್ಯಾಂಕ್ ಎರಡೂ ಕಡೆ ಅಷ್ಟೇ, ಗೆಳತಿ ಹಿಮ್ಮಡಿ ಹಿಡಿದು ಕೂತಾಗ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್, ಹೊಸಬರಿಗೆ 3ರಿಂದ 5 ಸಲ, ಒಂಟಿಕಾಲಿನ ನಿಲುವು 30 ಸೆಕೆಂಡ್, ಎರಡು ಸುತ್ತು, ಬಸ್ಕಿ ಮತ್ತು ನೆಗೆತ 30 ಸೆಕೆಂಡಿನಂತೆ ಎರಡು ಸುತ್ತು. ನೆಗೆದು ಇಳಿದಾಗ ಮಂಡಿ ಪಾದದ ಬೆರಳುಗಳ ನೇರಕ್ಕಿರಬೇಕು. ಇದನ್ನು ಎದುರು ನಿಂತು ನೋಡುವವರಿಲ್ಲದೆ ಬರೀ ಎಣಿಕೆ ಮಾಡಿಸಿದರೆ ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತದೆ. ನಾರ್ಡಿಕ್ ಮೊದಲ ವಾರ ಜಾಸ್ತಿ ಮಾಡಿಸಿದರೆ ಮರುದಿನ ತೊಡೆ ಹಿಡಿದುಕೊಂಡು ಯಾರೂ ಮೈದಾನಕ್ಕೆ ಬರುವುದಿಲ್ಲ, ಆ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು.

ಅಂಕಣದ ಗೆರೆಗಳನ್ನೂ ನೋಡಬೇಕು. ಮಹಿಳಾ ಕಬಡ್ಡಿ ಅಂಕಣ 12 ಮೀ. × 8 ಮೀ., ಪುರುಷರದು 13 × 10. ಮಹಿಳೆಯರಿಗೆ ಮಧ್ಯಗೆರೆಯಿಂದ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) 3 ಮೀಟರ್, ಪುರುಷರಿಗೆ 3.75. ವಿಭಾಗದ ಒಂದೇ ಮ್ಯಾಟಿನ ಮೇಲೆ ಪುರುಷರ ಗೆರೆ ಮಾತ್ರ ಇದ್ದರೆ ಹುಡುಗಿಯರು ಇಡೀ ಸೆಮಿಸ್ಟರ್ ತಮ್ಮದಲ್ಲದ ಅಳತೆಗೆ ಹೆಜ್ಜೆ ಪಳಗಿಸುತ್ತಾರೆ, ಪಂದ್ಯದ ದಿನ ತಿರುಗುವ ಜಾಗ ಬದಲಾಗುತ್ತದೆ. ಬೇರೆ ಬಣ್ಣದ ಟೇಪಿನ ಒಂದು ಸುರುಳಿ ಸಾಕು. ಹಾಗೆಯೇ ವಾಲಿಬಾಲ್ ನೆಟ್ 2.24 ಮೀ.ಗೆ ಇಳಿಯಬೇಕು, 2.43ರಲ್ಲೇ ಬಿಡಬಾರದು, ಗುಂಡು 4 ಕೆ.ಜಿ., ಜಾವೆಲಿನ್ 600 ಗ್ರಾಂ, ಬ್ಯಾಸ್ಕೆಟ್‌ಬಾಲ್ 6ನೇ ಸೈಜು. ಇವೆಲ್ಲ ಸ್ಟೋರಿನ ಇಂಡೆಂಟಿನಲ್ಲಿ (ಸಾಮಾನಿನ ಬೇಡಿಕೆ ಪಟ್ಟಿಯಲ್ಲಿ) ಬರೆಯಬೇಕಾದ ಮಾತು, ಕೊರತೆ ಕಾಣುವುದೂ ಅಲ್ಲೇ. ಮಣ್ಣಿನ ಮೇಲೆ ಬರಿಗಾಲಲ್ಲಿ ಕಲಿತವರು ಮ್ಯಾಟಿಗೆ ಶೂ ಹಾಕಿ ಬಂದಾಗ ಮೊದಲ ಎರಡು ವಾರ ಪೂರ್ಣ ವೇಗದ ರೈಡ್ ಬೇಡ. ಮಣ್ಣಿನಲ್ಲಿ ಪಾದ ಜಾರಿ ಮಂಡಿ ಉಳಿಯುತ್ತಿತ್ತು. ಮ್ಯಾಟಿನ ಮೇಲೆ ಪಾದ ಜಾರುವುದಿಲ್ಲ.

ಎಕ್ಸ್‌ರೇ ನಾರ್ಮಲ್

ಗಾಯವಾದ ಎರಡು ಗಂಟೆಯೊಳಗೆ ಮಂಡಿ ಊದಿತು. ಇಷ್ಟು ಬೇಗ ಊದಿದರೆ ಕೀಲಿನೊಳಗೆ ರಕ್ತ ಸೇರಿದೆ ಎಂದೇ ಎಣಿಸಬೇಕು. ಬಟ್ಟೆಯಲ್ಲಿ ಸುತ್ತಿದ ಐಸು 15–20 ನಿಮಿಷ, ಕಾಲು ಮೇಲೆತ್ತಿ ಒರಗಿಸುವುದು, ಭಾರ ಹಾಕದೆ ಊರುಗೋಲು. ಎಣ್ಣೆ ತಿಕ್ಕುವುದು, ನಾಟಿ ಕಟ್ಟು ಕಟ್ಟಿಸುವುದು ಬೇಡ. ಬಿಗಿ ಕಟ್ಟಿನಲ್ಲಿ ವಾರಗಟ್ಟಲೆ ಬಾಗಿಯೇ ಉಳಿದ ಮಂಡಿಯನ್ನು ನೇರ ಮಾಡಲು ಆಮೇಲೆ ತಿಂಗಳುಗಳು ಹಿಡಿಯುತ್ತವೆ.

ಮುಂದಿನ ತಪ್ಪು ಆಸ್ಪತ್ರೆಯಲ್ಲಿ ಆಗುತ್ತದೆ. ಎಕ್ಸ್‌ರೇ ತೆಗೆದರು, ಮೂಳೆ ಮುರಿದಿಲ್ಲ. 'ನಾರ್ಮಲ್, ಉಳುಕಿದೆ' ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ ಎರಡು ವಾರ ವಿಶ್ರಾಂತಿ ಬರೆದರು. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಊತ ಇಳಿದ ಮೇಲೆ ನೋವೂ ಇಳಿಯುತ್ತದೆ, ಹುಡುಗಿ ಆಟಕ್ಕೆ ಮರಳುತ್ತಾಳೆ, ತಿರುಗುವಾಗ ಮಂಡಿ ಕುಸಿಯುತ್ತದೆ, ಅಷ್ಟರಲ್ಲಿ ಒಳಗಿನ ಮೆನಿಸ್ಕಸ್ಸೂ (ಮೂಳೆಗಳ ನಡುವಿನ ಮೆತ್ತೆ) ಹರಿದಿರುತ್ತದೆ. 'ಟಪ್' ಶಬ್ದ, ಎರಡು ಗಂಟೆಯೊಳಗೆ ಊತ, ಆಟ ಮುಂದುವರಿಸಲಾಗದ ಸ್ಥಿತಿ: ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೂಳೆ ವೈದ್ಯರಿಂದ ಲ್ಯಾಕ್‌ಮನ್ ಪರೀಕ್ಷೆ (ಕೈಯಿಂದ ಮಂಡಿ ಎಳೆದು ಲಿಗಮೆಂಟಿನ ಬಿಗಿ ನೋಡುವುದು) ಮಾಡಿಸಿ, ಅವರು ಹೇಳಿದರೆ ಎಂಆರ್‌ಐ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಈ ಶಸ್ತ್ರಚಿಕಿತ್ಸೆ ಪ್ಯಾಕೇಜಿನಲ್ಲಿ ಬರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂದು ಮೊದಲೇ ಕೇಳಿ. ಖಾಸಗಿ ಆಸ್ಪತ್ರೆಗೆ ದಾಖಲಾದ ಮೇಲೆ ಓಡಾಡಿದರೆ ತಡವಾಗಿರುತ್ತದೆ.

ಎಲ್ಲ ಎ.ಸಿ.ಎಲ್. ಗಾಯಕ್ಕೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಕಬಡ್ಡಿಗೆ ಮರಳಬೇಕೆನ್ನುವ ರೈಡರ್‌ಗೆ ಸಾಮಾನ್ಯವಾಗಿ ಬೇಕಾಗುತ್ತದೆ. ಅದೂ ತಕ್ಷಣ ಬೇಡ. ಊತ ಇಳಿದು, ಮಂಡಿ ಪೂರ್ತಿ ನೇರವಾಗಿ, ತೊಡೆಯ ಸ್ನಾಯು ಎಚ್ಚೆತ್ತ ಮೇಲೆ, ಹೆಚ್ಚಾಗಿ 3ರಿಂದ 6 ವಾರದ ನಂತರ. ಆಟಕ್ಕೆ ಮರಳುವುದು 9 ತಿಂಗಳಿಗಿಂತ ಮೊದಲಲ್ಲ, ಮತ್ತು ತೊಡೆಯ ಬಲ, ಒಂಟಿಕಾಲ ಜಿಗಿತ ಎರಡೂ ಇನ್ನೊಂದು ಕಾಲಿನ 90% ಮುಟ್ಟಿದ ಮೇಲೆ. ಆದರೆ 9 ತಿಂಗಳಲ್ಲಿ ಆ ಇನ್ನೊಂದು ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ 90% ನಂಬಿ ಅಂಕಣಕ್ಕಿಳಿಸಬಾರದು. ಆರೋಗ್ಯವಂತ ಸಹಆಟಗಾರ್ತಿಯರ ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮೆಸ್ಸಿನ ಲೆಕ್ಕ ಸರಿಹೋಗದೆ ಈ ಹಂತದ ಯಾವ ವ್ಯಾಯಾಮದಿಂದಲೂ ಸ್ನಾಯು ಬೆಳೆಯದು. ಗಾಯವಾಗಿದೆ, ಓಡುತ್ತಿಲ್ಲ, ದಪ್ಪಗಾಗುತ್ತೇನೆ ಎಂದು ಊಟ ಇಳಿಸುವುದು ಈ ಕಾಲದಲ್ಲಿ ಹುಡುಗಿಯರು ಮಾಡುವ ದೊಡ್ಡ ತಪ್ಪು.

ಕಡತ ಹೇಗೆ ನಡೆಸಬೇಕು

ಮೊದಲ ಬಲೆ ವೈದ್ಯಕೀಯ ಪ್ರಮಾಣಪತ್ರ. 'ಮೂರು ತಿಂಗಳು ವಿಶ್ರಾಂತಿ ಅಗತ್ಯ' ಎಂದು ಬರೆಸಿಕೊಂಡು ಬಂದರೆ ಮೂರು ತಿಂಗಳು ಗೈರುಹಾಜರಿ, ಸೆಮಿಸ್ಟರ್ ಹೋಯಿತು. ಬೇಕಿರುವುದು ಏನು ಮಾಡಬಲ್ಲಳು ಎಂಬ ಪ್ರಮಾಣಪತ್ರ: ತರಗತಿಯಲ್ಲಿ ಕೂರಬಲ್ಲಳು, ಇಂಥ ದಿನಾಂಕದಿಂದ ಅರ್ಧ ಗಂಟೆ ನಿಲ್ಲಬಲ್ಲಳು, ಸ್ಕೋರಿಂಗ್ ಮತ್ತು ಅಂಪೈರಿಂಗ್ ಟೇಬಲ್ ಕೆಲಸ ಮಾಡಬಲ್ಲಳು, ಸ್ವತಃ ಮಾಡಿ ತೋರಿಸದೆ ಪಾಠ ಮಾಡಬಲ್ಲಳು, ಓಟ, ನೆಗೆತ, ತಿರುಗುವ ಚಲನೆ ಮಾತ್ರ ಇಂಥ ತಿಂಗಳವರೆಗೆ ಕೂಡದು. ವೈದ್ಯರಿಗೆ ಬಿ.ಪಿ.ಇಡಿ. ಎಂದರೇನೆಂದು ಗೊತ್ತಿರುವುದಿಲ್ಲ, ಪ್ರಾಕ್ಟಿಕಲ್‌ಗಳ ಪಟ್ಟಿಯನ್ನು ಮುಂದಿಟ್ಟು ಒಂದೊಂದಕ್ಕೂ ಹೌದು-ಇಲ್ಲ ಬರೆಸಿಕೊಳ್ಳಬೇಕು.

ಅರ್ಜಿ ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಹೋಗಬೇಕು, ಸ್ವೀಕೃತಿ ಮೊಹರಿನ ಪ್ರತಿ ಕೈಯಲ್ಲಿರಬೇಕು. ಬಾಯಿಮಾತಿನ 'ನೋಡೋಣ ಬಿಡಮ್ಮ' ಪರೀಕ್ಷಾ ಶಾಖೆಯ ಟೇಬಲ್ಲಿನ ಮೇಲೆ ನಿಲ್ಲುವುದಿಲ್ಲ. ಕೇಳಬೇಕಾದದ್ದು: ಥಿಯರಿ ಪತ್ರಿಕೆಗಳನ್ನು ಸಕಾಲದಲ್ಲೇ ಬರೆಯಲು ಅನುಮತಿ, ಅಫಿಷಿಯೇಟಿಂಗ್ (ತೀರ್ಪುಗಾರಿಕೆ), ಪಾಠ ಬೋಧನೆಯ ಪ್ರಾಕ್ಟಿಕಲ್ ಮೊದಲು, ಓಟ-ನೆಗೆತದ ಪ್ರಾಕ್ಟಿಕಲ್ ಮುಂದಿನ ಅವಕಾಶಕ್ಕೆ. ಇಂಟರ್ನ್‌ಶಿಪ್ ಶಾಲೆಯಲ್ಲಿ ಚಲನೆಯನ್ನು ಒಬ್ಬ ವಿದ್ಯಾರ್ಥಿಯಿಂದ ಮಾಡಿಸಿ ತೋರಿಸಬಹುದು. ಒಳ್ಳೆಯ ಶಿಕ್ಷಕರು ಹೇಗೂ ಹಾಗೆಯೇ ಮಾಡುತ್ತಾರೆ.

ಲೆಕ್ಕ ಹೀಗೆ ಕೂರುತ್ತದೆ. ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಗಾಯ, ಅಕ್ಟೋಬರ್ ಕೊನೆಗೆ ಶಸ್ತ್ರಚಿಕಿತ್ಸೆ, ಮುಂದಿನ ಜುಲೈ ಕೊನೆಗೆ 9 ತಿಂಗಳು. 3 ವರ್ಷದ ಗಡುವಿನೊಳಗೆ ಇನ್ನೂ ಒಂದು ವರ್ಷ ಉಳಿದಿದೆ, ಬಾಕಿ ಪ್ರಾಕ್ಟಿಕಲ್ ಮುಗಿಸಬಹುದು. ಆದರೆ ಥಿಯರಿಯನ್ನೂ ಬಿಟ್ಟಿದ್ದರೆ, ಅಥವಾ ಒಂದು ಪರೀಕ್ಷಾ ಅಧಿಸೂಚನೆ ಕೈತಪ್ಪಿದರೆ, ಆ ವರ್ಷ ಸಾಲುವುದಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ 25ರ ವಯೋಮಿತಿಯೂ ಇದೆ. 22ರಲ್ಲಿ ಗಾಯವಾದವಳಿಗೆ ಮರಳಿ ಆಡಲು ಒಂದೋ ಎರಡೋ ಋತು. ಈ ಎರಡು ಗಡುವುಗಳ ಪಕ್ಕದಲ್ಲೇ ಮನೆಯವರದು ಮೂರನೆಯದು. ಮಂಡಿ ಆಪರೇಷನ್ ಆದ ಹುಡುಗಿಗೆ ಗಂಡು ಸಿಗುವುದು ಕಷ್ಟ, ಓದು ಸಾಕು ಎಂಬ ಮಾತು ಡಿಸ್ಚಾರ್ಜ್ ಆದ ವಾರವೇ ಶುರುವಾಗುತ್ತದೆ. ಅಪ್ಪ-ಅವ್ವನ ಜೊತೆ ವಿಭಾಗದ ಮೇಡಂ ಒಮ್ಮೆ ಕೂತು, ಈ ತಿಂಗಳುಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಕೋರ್ಸು ಉಳಿಯುವ ಸಾಧ್ಯತೆ ಇದೆ. ಫೋನಿನಲ್ಲಿ ಇದು ಆಗುವ ಕೆಲಸವಲ್ಲ.

ಮುಟ್ಟಿನ ದಿನಗಳ ಹಾಜರಾತಿಯ ವಿಷಯದಲ್ಲಿ ಕೇರಳ 2023ರ ಜನವರಿಯಲ್ಲಿ ದಾರಿ ಹಾಕಿಕೊಟ್ಟಿತು. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ವಿದ್ಯಾರ್ಥಿನಿಯರಿಗೆ 2% ಹೆಚ್ಚಿನ ವಿನಾಯಿತಿ ಕೊಟ್ಟಿತು, ಅದೇ ತಿಂಗಳು ಸರ್ಕಾರ ಉನ್ನತ ಶಿಕ್ಷಣ ಇಲಾಖೆಯ ಉಳಿದ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು. 75%ರ ಬದಲು 73% ಸಾಕು. ಕರ್ನಾಟಕದ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ ಋತುಚಕ್ರ ರಜೆ ಉದ್ಯೋಗಸ್ಥ ಮಹಿಳೆಯರಿಗೆ. ಆದರೆ ಕ್ರೀಡೆ ಓದುವವಳಿಗೆ ರಜೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಎರಡು ಸಣ್ಣ ಸಂಗತಿ: ಪ್ರಾಕ್ಟಿಕಲ್ ಪರೀಕ್ಷೆಗೆ ಕಾರಣ ಕೇಳದೆ ಬದಲಿ ದಿನ, ಮತ್ತು ಬಿಳಿ ಪ್ಯಾಂಟಿನ ಬದಲು ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್. ಬಿಳಿ ಬಟ್ಟೆಯ ಹಟಕ್ಕೆ ಹೆಸರಾದ ವಿಂಬಲ್ಡನ್ನೇ 2023ರಲ್ಲಿ ಮಹಿಳೆಯರಿಗೆ ಗಾಢ ಬಣ್ಣದ ಒಳಚಡ್ಡಿಗೆ ಒಪ್ಪಿತು. ಜನರಲ್ ಲೆಸನ್‌ಗೆ (ಇಡೀ ತರಗತಿಗೆ ಮಾಡುವ ಪಾಠ ಬೋಧನೆಗೆ) ಬಿಳಿಯೇ ಆಗಬೇಕೆಂದು ನಮ್ಮ ವಿಭಾಗಗಳು ಕೂತಿವೆ. ಮೈದಾನದ ಪಕ್ಕ ಶೌಚಾಲಯವಿದೆ ಎಂದು ವರದಿಯಲ್ಲಿ ಬರೆಯುವ ಮುನ್ನ ಬಾಗಿಲ ಚಿಲಕ, ನೀರು, ಮುಚ್ಚಳದ ಬುಟ್ಟಿ, ಬೆಳಗ್ಗೆ 6ಕ್ಕೆ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ನಾಲ್ಕನ್ನು ನೋಡಬೇಕು. ಕೊನೆಯದೇ ಹೆಚ್ಚಾಗಿ ತಪ್ಪುವುದು.

ಮುಟ್ಟಿ ಕಲಿಸುವ ವಿಷಯ

ಜಿಮ್ನಾಸ್ಟಿಕ್ಸ್‌ನಲ್ಲಿ ಆಸರೆ ಕೊಡುವವರು ಮುಟ್ಟಲೇಬೇಕು; ಮುಟ್ಟದೆ ಕೈಬಿಟ್ಟರೆ ಕುತ್ತಿಗೆಗೆ ಅಪಾಯ. ಆದ್ದರಿಂದ ನಿಯಮ ಮುಟ್ಟಬಾರದು ಎಂದಲ್ಲ, ಹೇಗೆ ಎಂದು ಇರಬೇಕು. ಎಲ್ಲಿ ಹಿಡಿಯುತ್ತೇನೆ ಎಂದು ಮೊದಲೇ ಹೇಳುವುದು, ಮೇಲ್ದೋಳು, ಮಣಿಕಟ್ಟು, ಬೆನ್ನಿನ ನಡುವಿಗೆ ಸೀಮಿತವಾಗುವುದು, ತೆರೆದ ಜಾಗ, ಜೊತೆಗೆ ಇನ್ನೊಬ್ಬ ವಿದ್ಯಾರ್ಥಿನಿ ಆಸರೆಗೆ. ಈ ಗೆರೆ ಸ್ಪಷ್ಟವಿದ್ದರೆ ಅದನ್ನು ದಾಟಿದವರು ಯಾರೆಂಬುದೂ ಸ್ಪಷ್ಟ. ದಾಟಿದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಲೈಂಗಿಕ ಕಿರುಕುಳ ತಡೆಯ 2015ರ ನಿಯಮಾವಳಿಯ ಪ್ರಕಾರ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು. 90 ದಿನದೊಳಗೆ ವಿಚಾರಣೆ ಮುಗಿಯಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ದೂರಿನ ಅವಧಿಯಲ್ಲಿ ಅದೇ ಬೋಧಕರ ಕೈಯಲ್ಲಿ ಆಂತರಿಕ ಅಂಕ ಉಳಿಯದಂತೆ ಕೇಳಿಕೊಳ್ಳುವುದು ಅರ್ಜಿಯಲ್ಲೇ ಇರಲಿ. ತಂಡದ ಆಯ್ಕೆ, ಆಂತರಿಕ ಅಂಕ, ಪ್ರವಾಸದ ಪಟ್ಟಿ ಮೂರೂ ಒಬ್ಬರದೇ ಸಹಿಯಲ್ಲಿ ಇರುವ ವಿಭಾಗದಲ್ಲಿ ದೂರುಗಳು ಬರುವುದಿಲ್ಲ. ಹಾಗೆಂದು ಅಲ್ಲಿ ಎಲ್ಲ ಸರಿಯಿದೆ ಎಂದು ತಿಳಿಯಬಾರದು. 2023ರ ಜನವರಿಯಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತ ಕುಸ್ತಿಪಟುಗಳು ದೇಶಕ್ಕೇ ಹೆಸರಾದವರು. ಅವರೇ ಬೀದಿಗೆ ಬರಬೇಕಾಯಿತೆಂದರೆ ಎರಡನೇ ಸೆಮಿಸ್ಟರ್ ಹುಡುಗಿಯ ಸ್ಥಿತಿ ಊಹಿಸಬಹುದು.

ಗೇಟಿಗೆ ಪರಿಹಾರ, ಕೆಲಸಕ್ಕೆ ದಾರಿ

ಗೇಟಿನ ಸಮಯವನ್ನು ಇಡೀ ಹಾಸ್ಟೆಲಿಗೆ ಬದಲಿಸಲು ಹೋದರೆ ಫೈಲು ವರ್ಷ ಓಡಾಡುತ್ತದೆ. ದೈಹಿಕ ಶಿಕ್ಷಣ ವಿದ್ಯಾರ್ಥಿನಿಯರ ಹೆಸರಿನ ಪಟ್ಟಿ, ಪಂದ್ಯದ ತಿಂಗಳುಗಳು, 7.15ರ ಸಮಯ, ಮೈದಾನದಿಂದ ಗೇಟಿನವರೆಗೆ ಗುಂಪಾಗಿ ಬರುವ ವ್ಯವಸ್ಥೆ, ಜವಾಬ್ದಾರಿ ಹೊತ್ತ ಬೋಧಕಿಯ ಸಹಿ, ಇಷ್ಟನ್ನು ಒಂದು ಹಾಳೆಯಲ್ಲಿ ಕೊಟ್ಟರೆ ವಾರ್ಡನ್‌ಗೂ ಒಪ್ಪಲು ಸುಲಭ. ಅದಾಗುವವರೆಗೆ ಮ್ಯಾಟಿನ ಸರದಿಯಲ್ಲಿ ಹುಡುಗಿಯರಿಗೆ ಮೊದಲ ಅವಧಿ, ಹುಡುಗರಿಗೆ ಎರಡನೆಯದು. ವಾರ್ಮ್ ಅಪ್ ಮ್ಯಾಟಿನ ಹೊರಗೇ ನಡೆಯಲಿ, ಮ್ಯಾಟು ಹಾಸುವ ಕೆಲಸ ಹುಡುಗರದಾಗಲಿ.

ಮಂಡಿ ಹೋಯಿತು, ಇನ್ನು ಕೆಲಸ ಸಿಗುವುದಿಲ್ಲ ಎಂಬ ಭಯಕ್ಕೆ ಅಂಕಿಯಲ್ಲೇ ಉತ್ತರವಿದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಎಂ.ಪಿ.ಇಡಿ. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ), ನೆಟ್ ಅಥವಾ ಕೆ-ಸೆಟ್ (ಅಧ್ಯಾಪಕ ಅರ್ಹತಾ ಪರೀಕ್ಷೆಗಳು) ಜೊತೆಗೆ ಯುಜಿಸಿಯ 2018ರ ನಿಯಮಾವಳಿಯ ದೇಹದಾರ್ಢ್ಯ ಪರೀಕ್ಷೆ ಇದೆ: 30 ವರ್ಷದವರೆಗಿನ ಮಹಿಳೆಗೆ 8 ನಿಮಿಷದಲ್ಲಿ 1,000 ಮೀಟರ್ ಓಟ ಅಥವಾ ನಡಿಗೆ; 40ರವರೆಗೆ 800 ಮೀಟರ್. 400 ಮೀಟರ್ ಟ್ರ್ಯಾಕಿನಲ್ಲಿ ಎರಡೂವರೆ ಸುತ್ತು, ಒಂದು ಸುತ್ತಿಗೆ 3 ನಿಮಿಷ 12 ಸೆಕೆಂಡ್. ಇದು ಹಗುರ ಜಾಗಿಂಗ್. ಎ.ಸಿ.ಎಲ್. ಶಸ್ತ್ರಚಿಕಿತ್ಸೆಯ ನಂತರ ಫಿಸಿಯೋ ಒಪ್ಪಿದ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆಯಂತೆ ವಾರಕ್ಕೆ ಮೂರು ದಿನ ಶುರುಮಾಡಿ, ಮರುದಿನ ಮಂಡಿ ಊದದಿದ್ದರೆ ಮಾತ್ರ ಓಟವನ್ನು ಅರ್ಧ ನಿಮಿಷದಂತೆ ಏರಿಸುತ್ತ ಹೋದರೆ, ಕಬಡ್ಡಿ ಅಂಕಣಕ್ಕೆ ಮರಳುವುದಕ್ಕಿಂತ ಬಹಳ ಮೊದಲೇ ಈ ವೇಗ ಕೈಗೆ ಬರುತ್ತದೆ. ಊದಿದರೆ ಹಿಂದಿನ ವಾರದ ಪ್ರಮಾಣಕ್ಕೆ ಇಳಿಯಬೇಕು. ನೋವಿನ ಮಾತ್ರೆ ನುಂಗಿ ಓಡಬಾರದು.